ಬಸಳೆ ತಿಂದ ಆಡು ಮತ್ತು ಕನ್‌ಫ್ಯೂಶಿಯಸ್

ಎರಡು ಸಂಜೆ ಓದಿದ್ದನ್ನು ಇಪ್ಪತ್ತು ವರ್ಷದಿಂದ ಬಲ್ಲವಳ ಹಾಗೆ ಹೇಳುವ ಚಾಳಿ ನನಗಿದೆ. ಒಮಾನಿನ ಸೊಹಾರ್ ಪಟ್ಟಣದ ಭಾರತೀಯ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತೇನೆ. ಇದು ಆ ವೃತ್ತಿಯಿಂದ ಬಂದ ಕಾಯಿಲೆ. ಈ ಸಲ ಕ್ವಿಜ್‌ಗೆ ಹೋಗುವ ಮಕ್ಕಳನ್ನು ಪ್ರಾಚೀನ ಚೀನಾಕ್ಕೆ ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮಕ್ಕಳಿಗೆ ಒಂದಿಷ್ಟು ಶಬ್ದಾರ್ಥ ಬರೆಸಿ ಆಗಿತ್ತು; ಕಥೆ ಹೇಳುವ ಮೊದಲು, ಗುರುವಾರ ಊಟದ ಹೊತ್ತಿನಲ್ಲಿ ಕನ್‌ಫ್ಯೂಶಿಯಸ್‌ನನ್ನು ಮನೆಯವರ ಮೇಲೆ ಪ್ರಯೋಗಿಸಿ ನೋಡಿದೆ.

ಮನೆಯವರೆಂದರೆ ಬಂದರಿನ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಆಗಿರುವ ಗಂಡ ಸುಧೀರ, ಎಂಟನೇ ಕ್ಲಾಸಿನ ಮಗಳು ಅನಘ, ಮತ್ತೆ ವಿಸಿಟ್ ವೀಸಾದಲ್ಲಿ ಕುಂದಾಪುರದಿಂದ ಬಂದಿದ್ದ ಅತ್ತೆ ಮತ್ತು ಮಾವ. ಮಾವ ಬಸ್ಸಿನಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಆಗಿದ್ದವರು. ಟಿಕೆಟ್ ಇಲ್ಲದೆ ಹತ್ತಿದ ಸ್ವಂತ ಷಡ್ಡಕನನ್ನೇ ದಾರಿಯಲ್ಲಿ ಇಳಿಸಿದ್ದರು ಎಂಬ ಖ್ಯಾತಿ ಅವರಿಗಿದೆ.

ನಾನು ಹೇಳಿದ್ದು ಕುರಿಯ ಕಥೆ. ಒಬ್ಬ ದೊರೆ ಕನ್‌ಫ್ಯೂಶಿಯಸ್‌ನ ಮುಂದೆ ಜಂಭ ಕೊಚ್ಚಿದನಂತೆ: ನಮ್ಮಲ್ಲಿ ಎಂಥ ಪ್ರಾಮಾಣಿಕರಿದ್ದಾರೆ ಎಂದರೆ, ಅಪ್ಪ ಕುರಿ ಲಪಟಾಯಿಸಿದಾಗ ಮಗನೇ ಬಂದು ಸಾಕ್ಷಿ ಹೇಳಿದ. ಕನ್‌ಫ್ಯೂಶಿಯಸ್ ಅದನ್ನು ಮೆಚ್ಚಲಿಲ್ಲ. ನಮ್ಮ ಕಡೆ ಅಪ್ಪ ಮಗನನ್ನು ಮರೆಮಾಡುತ್ತಾನೆ, ಮಗ ಅಪ್ಪನನ್ನು ಮರೆಮಾಡುತ್ತಾನೆ, ಪ್ರಾಮಾಣಿಕತೆ ಅದರೊಳಗೇ ಇದೆ ಎಂದನಂತೆ. ಮನುಷ್ಯ ಮನುಷ್ಯನಾಗುವುದನ್ನು ಮೊದಲು ಕಲಿಯುವುದು ಮನೆಯಲ್ಲಿ. ಅಲ್ಲಿ ಪ್ರೀತಿ ಇಲ್ಲದವನಿಗೆ ಊರಿನ ಮೇಲೆ ಎಲ್ಲಿಂದ ಬರಬೇಕು ಎನ್ನುವುದು ಅವನ ವಾದ.

ಸುಧೀರ ಚಪಾತಿ ಕೆಳಗಿಟ್ಟು, ಪ್ಲಾಂಟಿನಲ್ಲಿ ಹೀಗೆ ಶುರುಮಾಡಿದರೆ ವಾರಕ್ಕೊಬ್ಬ ಸಾಯುತ್ತಾನೆ ಎಂದ. ಕಾನೂನು ಎಂದರೆ ಎಲ್ಲರಿಗೂ ಒಂದೇ, ಅಪ್ಪನಾದರೇನು, ವೀಸಾ ಕೊಟ್ಟ ಕಫೀಲ್ ಆದರೇನು? ಚೀನಾದಲ್ಲಿ ಹಾಗೆಂದವರದ್ದೇ ಒಂದು ದೊಡ್ಡ ಪಂಥವಿತ್ತು, ಬಹುಮಾನ ಮತ್ತು ಶಿಕ್ಷೆ ಎರಡರಿಂದಲೇ ರಾಜ್ಯ ನಡೆಯುತ್ತದೆ ಎಂದು ನಂಬಿದವರು ಎಂದೆ. ಗಂಡನಿಗೆ ಬಹಳ ಸಂತೋಷವಾಯಿತು. ಮಾವನೂ ಕಥೆಯ ಮಗನೇ ಸರಿ ಎಂದು ತೀರ್ಪು ಕೊಟ್ಟು ಕೈ ತೊಳೆಯಲು ಎದ್ದರು.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಆಡು ನಮ್ಮ ಹಿತ್ತಿಲಿಗೆ ನುಗ್ಗಿ ಮಾವನ ಬಸಳೆಯನ್ನು ಬುಡದವರೆಗೆ ತಿಂದು ಮುಗಿಸಿತು.

ನಾವಿರುವುದು ಸೊಹಾರಿನ ಹತ್ತಿರದ ಸಹಮ್‌ನಲ್ಲಿ. ಇಲ್ಲಿ ಆಡುಗಳಿಗೆ ಬೀದಿಯೆಲ್ಲ ಸ್ವಂತದ್ದು. ಪಕ್ಕದ ಮನೆಯ ಅಬು ಸಾಲಿಂ ವಯಸ್ಸಾದ ಒಮಾನಿ. ಸಣ್ಣ ತೋಟವಿದೆ, ಆಗಾಗ ನಿಂಬೆಹಣ್ಣು ಕಳಿಸುತ್ತಾರೆ. ಮಾವ ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ದಂಟನ್ನು ನೆಟ್ಟು, ಚಪ್ಪರ ಕಟ್ಟಿ, ಈ ಮರಳಿನಲ್ಲಿ ಅದನ್ನು ಗೋಡೆಯ ಎತ್ತರಕ್ಕೆ ಹಬ್ಬಿಸಿದ್ದರು. ಆ ದಿನ ಮಧ್ಯಾಹ್ನ ಮೊದಲ ಹುಳಿ ಆಗಬೇಕಿತ್ತು. ನಾನು ಎದ್ದು ಹೊರಗೆ ಬರುವಷ್ಟರಲ್ಲಿ ಅವರು ಆಡನ್ನು ಹಿಡಿದು, ನೀರಿನ ಟ್ಯಾಂಕಿನ ಹಿಂದೆ ಬಟ್ಟೆ ಒಣಗಿಸುವ ಹಗ್ಗದಲ್ಲಿ ಕಟ್ಟಿಹಾಕಿದ್ದರು.

ತಿಂಡಿಯ ಹೊತ್ತಿಗೆ ಸುಧೀರ ಮೆತ್ತಗೆ ಹೇಳಿ ನೋಡಿದ. ಇದು ಪರದೇಶ, ಪೊಲೀಸರ ತನಕ ಹೋದರೆ ಕಷ್ಟ, ಬಿಟ್ಟುಬಿಡಿ ಎಂದ. ಮಾವ ಜಗ್ಗಲಿಲ್ಲ.

"ನಾ ಎಂತ ಕದ್ದದ್ದಾ? ಅದೇ ಒಳಗೆ ಬಂತು. ಎರಡು ದಿನ ಇಲ್ಲೇ ಇರ್ಲಿ, ಆಗ ಆಡಿನವರಿಗೆ ಬುದ್ಧಿ ಬರ್ತದೆ."

ಗೋಡೆಯ ಆಚೆ ಅದರ ಎರಡು ಮರಿಗಳು ಅರಚುತ್ತಿದ್ದವು. ಈಚೆಯಿಂದ ತಾಯಿ ಉತ್ತರ ಕೊಡುತ್ತಿತ್ತು. ಅನಘ ದೋಸೆ ಮುಟ್ಟಲಿಲ್ಲ. ಮರಿಗಳಿಗೆ ಹಸಿವಾಗಿದೆ, ಗೋಡೆಯ ಆ ಕಡೆಯ ಹಸಿವು ಈ ಕಡೆಯ ಹಸಿವು ಬೇರೆ ಬೇರೆಯಾ ಅಜ್ಜ ಎಂದು ಅರ್ಧ ಇಂಗ್ಲಿಷಿನಲ್ಲಿ ವಾದಿಸಿದಳು. ಆ ಕಾಲದ ಚೀನಾದ ಇನ್ನೊಬ್ಬ ಗುರು ಮೋ ತ್ಸುವಿನ ಶಿಷ್ಯರು ಕೇಳಿದ್ದರೆ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದರು. ತನ್ನವರು, ಪರರು ಎಂದು ಪ್ರೀತಿಯಲ್ಲಿ ಭೇದ ಮಾಡುವುದೇ ಲೋಕದ ಜಗಳಕ್ಕೆಲ್ಲ ಮೂಲ ಎಂದು ಕನ್‌ಫ್ಯೂಶಿಯಸ್‌ನ ಕಡೆಯವರ ಮೇಲೆ ಹರಿಹಾಯ್ದವರು ಅವರು. ಅತ್ತೆ ಯಾರ ಪರವೂ ವಹಿಸಲಿಲ್ಲ. ಗಂಟು ಸ್ವಲ್ಪ ಸಡಿಲ ಮಾಡಿದರೆ ಸಾಕು, ಅದರ ಪಾಡಿಗೆ ಅದು ಹೋಗುತ್ತದೆ, ಯಾರೂ ಬಿಟ್ಟ ಹಾಗಾಗುವುದಿಲ್ಲ ಎಂದರು. ನೀರು ಹರಿಯುವ ಹಾಗೆ ಬಲವಂತವಿಲ್ಲದೆ ನಡೆಯಲಿ ಎನ್ನುವ ಡಾವೋ ಮಾರ್ಗದವರು ಬೇಕಾದಷ್ಟು ಪುಟ ಬರೆದದ್ದನ್ನು ಅತ್ತೆ ಚಟ್ನಿ ಬಡಿಸುತ್ತ ಮುಗಿಸಿದ್ದರು. ಮಾವ ಹೋಗಿ ಗಂಟನ್ನು ಇನ್ನೂ ಬಿಗಿ ಮಾಡಿ ಬಂದರು. ಎಲ್ಲ ಓದಿಕೊಂಡಿದ್ದ ನಾನು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಸೊಸೆಯಾದವಳು ಮಾವನಿಗೆ ಏನೆಂದು ಹೇಳುವುದು?

ಸ್ವಲ್ಪ ಹೊತ್ತಿಗೆ ಅಬು ಸಾಲಿಂ ಗೇಟಿನ ಹತ್ತಿರ ಬಂದರು. ಅನಘ ಅಲ್ಲೇ ನಿಂತಿದ್ದಳು. ಮಾವ ಜಗಲಿಯ ಕುರ್ಚಿಯಲ್ಲಿದ್ದರು, ನಾನು ಬಾಗಿಲಲ್ಲಿ. ಅಬು ಸಾಲಿಂ ಒಳಗೆ ಕಾಲಿಡಲಿಲ್ಲ. ನಮ್ಮೆಲ್ಲರಿಗೂ ಸಲಾಂ ಹೇಳಿ, ತಮ್ಮ ಹಿಂದಿಯಲ್ಲಿ ಮಗುವನ್ನು ಕೇಳಿದರು.

"ಬೇಟಿ, ಹಮಾರಾ ಬಕರಿ ದೇಖಾ?"

ಅನಘ ಸುಳ್ಳು ಹೇಳುವ ಹುಡುಗಿಯಲ್ಲ. ಕನ್ನಡಿ ಒಡೆದರೆ ನಾವು ನೋಡುವ ಮೊದಲೇ ಬಂದು ಹೇಳುವವಳು. ಅವಳು ಒಮ್ಮೆ ಅಜ್ಜನ ಕಡೆ ನೋಡಿದಳು, ಆಮೇಲೆ ತನ್ನ ಚಪ್ಪಲಿ ನೋಡಿದಳು.

"ನಹೀ ಅಂಕಲ್, ನಹೀ ದೇಖಾ."

ಆಗಲೇ ಟ್ಯಾಂಕಿನ ಹಿಂದಿನಿಂದ ಆಡು ಕೂಗಿತು. ಯಾರೂ ಮುಖ ಎತ್ತಲಿಲ್ಲ. ಅಬು ಸಾಲಿಂ "ಮಾಫಿ ಮುಷ್ಕಿಲ್", ತೊಂದರೆಯಿಲ್ಲ ಎಂದು, ಏನೂ ಕೇಳಿಸದವರ ಹಾಗೆ ತಿರುಗಿ ಹೋದರು. ಅನಘ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಮಾವನಿಗೆ ಚಹಾ ಕೊಟ್ಟೆ, ಕುಡಿಯಲಿಲ್ಲ. ಆಮೇಲೆ ಎದ್ದು, ಇಸ್ತ್ರಿ ಮಾಡಿದ ಅಂಗಿ ಯಾವುದಿದೆ ಎಂದು ಕೇಳಿದರು. ಅದನ್ನು ಹಾಕಿಕೊಂಡು, ಆಡಿನ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ಮುಂದಿನ ಗೇಟಿನಿಂದಲೇ ಹೊರಟರು. "ನೀನೂ ಬಾ, ನನ್ನ ಹಿಂದಿ ಸಾಕಾಗದಿದ್ದರೆ" ಎಂದರು. ಹಿಂದಿ ಸಾಕಾಯಿತು. ಅಬು ಸಾಲಿಂ ಬೋರೆ ಮರದ ನೆರಳಲ್ಲಿ ನೀರಿನ ಪೈಪು ಸರಿಮಾಡುತ್ತಿದ್ದರು. ಮಾವ ಎದುರು ನಿಂತು, ನಾನೇ ಕಟ್ಟಿದ್ದು, ತಪ್ಪಾಯಿತು ಎಂದರು. ಹಗ್ಗ ಬಿಟ್ಟದ್ದೇ ಮರಿಗಳು ಬಂದು ತಾಯಿಯ ಕೆಚ್ಚಲಿಗೆ ಬಾಯಿ ಹಾಕಿದವು.

ಅಬು ಸಾಲಿಂ ನಮ್ಮನ್ನು ಕೂರಿಸಿ ಖರ್ಜೂರ, ಕಹ್ವಾ ಕಾಫಿ ತರಿಸಿದರು. ಬಸಳೆಯ ವಿಷಯ ಕೇಳಿ, ಬೇಲಿ ಹಾಕಿಸುತ್ತೇನೆ ಎಂದರು. ನನಗೆ ತಡೆಯಲಾಗಲಿಲ್ಲ, ಆಡಿನ ಕೂಗು ನಿಮಗೆ ಕೇಳಿಸಿರಲಿಲ್ಲವೇ ಎಂದು ಕೇಳಿಬಿಟ್ಟೆ. ಅವರು ನಕ್ಕರು. ಬೆಳಗಿನಿಂದ ಇಡೀ ಓಣಿಗೆ ಕೇಳಿಸಿದೆಯಂತೆ. ಆದರೆ ಇವರು ಹಿರಿಯರು, ದೂರದಿಂದ ಬಂದ ಅತಿಥಿ; ನಾನು ಒಳಗೆ ನುಗ್ಗಿ ಹಗ್ಗ ಬಿಚ್ಚಿದರೆ ನಾಳೆ ಇವರು ನನ್ನ ಮುಖ ಹೇಗೆ ನೋಡಬೇಕು ಎಂದರು.

ಕನ್‌ಫ್ಯೂಶಿಯಸ್ ಪ್ರಾಣದ ಹಾಗೆ ಹಿಡಿದುಕೊಂಡಿದ್ದ ಒಂದು ಮಾತಿದೆ, 'ಲೀ'. ಮಕ್ಕಳಿಗೆ ನಾನು ಅದನ್ನು ಶಿಷ್ಟಾಚಾರ ಎಂದು ಬರೆಸಿದ್ದೆ: ಯಾರಿಗೆ ಎಷ್ಟು ಬಗ್ಗಬೇಕು, ಯಾವ ಟೊಪ್ಪಿ ಹಾಕಬೇಕು ಎಂಬ ಬಾಬತ್ತು. ಸೋಮವಾರ ಹೋಗಿ ಅದನ್ನು ಹೊಡೆದುಹಾಕಿಸಿದೆ. ಬದಲಿಗೆ ಏನು ಬರೆಸಬೇಕು ಎನ್ನುವುದು ಮಾತ್ರ ಇನ್ನೂ ಹೊಳೆದಿಲ್ಲ.

ಆ ಶನಿವಾರ ಅಬು ಸಾಲಿಂ ಅವರಲ್ಲಿಂದ ಮನೆಗೆ ಬಂದು ಮಾವ ಸೀದಾ ಅನಘಳ ಕೋಣೆಗೆ ಹೋದರು. ಅತ್ತು ಅವಳ ಕಣ್ಣು ಕೆಂಪಾಗಿತ್ತು. ಮಂಚದ ತುದಿಯಲ್ಲಿ ಕೂತು, ಆಡನ್ನು ಕೊಟ್ಟು ಬಂದೆ ಎಂದರು. ಅವಳು ತಲೆ ಅಲ್ಲಾಡಿಸಿದಳು.

"ನನಗೋಸ್ಕರ ಸುಳ್ಳು ಹೇಳ್ಬಾರ್ದಿತ್ತು ಮಗಾ. ಇನ್ನೊಂದ್ಸಲ ಹೀಗಾದ್ರೆ ನಾನೇ ಆದರೂ ಸರಿ, ಇದ್ದದ್ದು ಇದ್ದ ಹಾಗೆ ಹೇಳು."

ಅನಘ ಕಣ್ಣು ಒರೆಸಿಕೊಂಡಳು.

"ಅದು ನನಗೆ ಆಗುದಿಲ್ಲ ಅಜ್ಜ. ಇನ್ನೊಂದ್ಸಲ ನೀವೇ ಕಟ್ಟಬೇಡಿ."