ರಬಿಯಾಬಿಯ ಐದು ವರ್ಷ

ಕಳೆದ ಬುಧವಾರ ಕಮಲಾಪುರದ ಸರ್ಕಾರಿ ಕಚೇರಿಯೊಂದರಲ್ಲಿ, ತಮ್ಮನೊಬ್ಬ ತನ್ನ ಒಡಹುಟ್ಟಿದ ಅಕ್ಕನಿಗಿಂತ ಮೂರು ವರ್ಷ ದೊಡ್ಡವನೆಂದು ತೀರ್ಮಾನವಾಯಿತು. ಈ ಐತಿಹಾಸಿಕ ಘಟನೆಗೆ ನಾನೇ ಸಾಕ್ಷಿ. (ಕುರ್ಚಿ ಇರಲಿಲ್ಲವಾದ್ದರಿಂದ ನಿಂತ ಸಾಕ್ಷಿ.)

ಅಕ್ಕನ ಹೆಸರು ರಬಿಯಾಬಿ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಿಂದ ಹಳೆಯ ಸೀರೆಗಳನ್ನು ಕಮಲಾಪುರಕ್ಕೆ ಒಯ್ದು, ಕೌದಿ ಹೊಲಿದು ತಂದುಕೊಡುವವಳು. ಈ ಸಲದ ಕೌದಿಯಲ್ಲಿ ಹೊಲಿಗೆ ಸಾಲು ಬಿಟ್ಟು ಎತ್ತೆತ್ತಲೋ ಓಡಿತ್ತು. ಕೇಳಿದರೆ, ಎರಡೂ ಕಣ್ಣಿಗೆ ಪೊರೆ.

"ಆಪರೇಷನ್ ಫ್ರೀ ಅದಲ್ಲ?" ಎಂದೆ, ನಿವೃತ್ತ ಮಾಸ್ತರನ ಗತ್ತಿನಲ್ಲಿ.

"ಆಪರೇಷನ್ ಫ್ರೀ ಅದರಿ ಮಾಸ್ತರ್ರೆ. ಬಸ್ಸೂ ಫ್ರೀ. ಆದರ ಆಮ್ಯಾಲ ಎರಡು ತಿಂಗಳು ಸೂಜಿ ಮುಟ್ಟಬ್ಯಾಡ ಅಂತಾರ. ಕುಂತು ಉಣ್ಲಾಕ ಯಾರ್ ಕೊಡ್ತಾರ?"

ಗಂಡ ಚಾಂದ್‌ಸಾಬನ ಪಂಕ್ಚರ್ ಅಂಗಡಿ ಆತನ ಚಹಾಕ್ಕೆ ಮಾತ್ರ ಸಾಲುತ್ತದೆ. ಹಾಗಾಗಿ ಉಳಿದದ್ದು ವೃದ್ಧಾಪ್ಯ ವೇತನ; ಅದರ ಅರ್ಜಿಗೆಂದೇ ನಾನು ಆಕೆಯ ಜೊತೆ ಕಮಲಾಪುರದ ಕಚೇರಿಗೆ ಹೋದದ್ದು. ಅದು ಬಂದರೆ ಕಣ್ಣು, ಬಾರದಿದ್ದರೆ ಸೂಜಿ.

ವೃದ್ಧರಿಗೆ, ರೋಗಿಗಳಿಗೆ ಹಣ ಎಲ್ಲಿಂದ ತರುವುದು ಎಂದು ಟಿವಿಯಲ್ಲಿ ಕೋಟು ತೊಟ್ಟವರು ದಿನವೂ ತಲೆ ಕೆಡಿಸಿಕೊಳ್ಳುತ್ತಾರೆ. ತೆರಿಗೆ ಏರಿಸಬೇಕೋ, ಆರ್ಥಿಕತೆ ಬೆಳೆಯುವ ತನಕ ಕಾಯಬೇಕೋ? ಅವರ ಲೆಕ್ಕದಲ್ಲಿ ನಾನು ತೆರಿಗೆದಾರ. ನನ್ನ ಪಿಂಚಣಿಯಲ್ಲಿ ಒಂದಿಷ್ಟು ಟ್ಯಾಕ್ಸ್ ಕಡಿತವಾಗುತ್ತದೆ. ರಬಿಯಾಬಿ ಫಲಾನುಭವಿ. ಹಾಗಾದರೆ ದಾರಕ್ಕೆ, ಸಾಬೂನಿಗೆ, ಮೊಬೈಲ್ ರೀಚಾರ್ಜಿಗೆ ಆಕೆ ಇಷ್ಟು ವರ್ಷ ಕೊಟ್ಟ ತೆರಿಗೆ ಏನು ದಾನವೇ, ಖೈರಾತೇ? ಅದನ್ನು ವಸೂಲು ಮಾಡುವಾಗ ಯಾರೂ ಆಕೆಯ ವಯಸ್ಸು ಕೇಳಲಿಲ್ಲ.

ಕಚೇರಿಯ ಗುಮಾಸ್ತ ಕೇಳಿದ. ಒಳ್ಳೆಯ ಹುಡುಗನೇ, ಪಾಪ.

"ಖಾಲಾ, ಆಧಾರ್‌ನ್ಯಾಗ ಐವತ್ತೇಳು ಅದ. ಅರವತ್ತು ತುಂಬಬೇಕು."

"ನಂದು ಅರವತ್ತೆರಡು ಆಗ್ಯಾವ್ರಿ. ನನ್ನ ತಮ್ಮ ಮೈನುದ್ದೀನ ನನಗಿಂತ ಎರಡು ವರ್ಷ ಸಣ್ಣಾವ. ಅವಗ ಹೋದ ತಿಂಗಳಿಂದ ಮುದುಕರ ಪಗಾರ ಬರ್ಲಾಕತ್ತದ. ಅವನ್ನ ನಾನೇ ಎತ್ತಿ ಆಡಿಸೀನಿ!"

"ಆಡಿಸಿದ್ದಕ್ಕ ಸರ್ಟಿಫಿಕೇಟ್ ಅದ ಏನು?"

ಮೈನುದ್ದೀನ ಶಾಲೆಗೆ ಹೋಗಿದ್ದ. ಕಾಗದ ಇತ್ತು. ಈಕೆ ಅವನನ್ನು ಶಾಲೆಗೆ ಬಿಟ್ಟು ಬರುತ್ತಿದ್ದಳು, ಅಷ್ಟೇ. ಹಾಗಾದರೆ ಆಧಾರ್‌ನಲ್ಲಿ ಐದು ವರ್ಷ ಹೋದದ್ದೆಲ್ಲಿ? ಆಕೆ ಸೆರಗು ಸರಿಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದಳು.

"ನಿಕಾಹ್ ಟೈಮಿಗೆ ನನಗ ಇಪ್ಪತ್ತೆರಡು, ನನ್ನ ಗಂಡಗ ಹತ್ತೊಂಬತ್ತು. ಹುಡುಗಿ ದೊಡ್ಡಾಕಿ ಅಂದ್ರ ಸಂಬಂಧ ಮುರೀತದ ಅಂತ ನಮ್ಮಮ್ಮಿ ಹದಿನೇಳು ಅಂತ ಹೇಳಿಬಿಟ್ಟಳು. ಆಧಾರ್ ಕ್ಯಾಂಪಿನ್ಯಾಗ ಅವ ಬಾಜೂಕೇ ನಿಂತಿದ್ದ ನೋಡ್ರಿ. ನಾ ಖರೆ ವಯಸ್ಸು ಹೆಂಗ ಹೇಳಲಿ?"

ಗುಮಾಸ್ತ ದಾರಿ ತೋರಿಸಿದ. ಡಾಕ್ಟರ ಹತ್ತಿರ ವಯಸ್ಸಿನ ಪ್ರಮಾಣಪತ್ರ, ಜೊತೆಗೆ ಒಂದು ಅಫಿಡವಿಟ್. "ಅದಕ್ಕ ನಿಮ್ಮ ಯಜಮಾನ್ರು ಸಹಿ ಹಾಕಿದ್ರ ಕೆಲಸ ಜಲ್ದಿ ಆಗ್ತದ."

ರಬಿಯಾಬಿ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿದಳು. ನಾನು ವರಾಂಡದಲ್ಲಿ ಹಿಡಿದು ನಿಲ್ಲಿಸಿದೆ. ನಲವತ್ತು ವರ್ಷ ಸಂಸಾರ ಮಾಡಿದವನು, ಈಗ ತಿಳಿದರೆ ಏನು ಮಹಾ?

"ಏನೂ ಆಗಲ್ರಿ. ಆದರ ದಿನಾ 'ನಾ ನಿನಗಿಂತ ಎರಡು ವರ್ಷ ದೊಡ್ಡಾವ, ನನ್ನ ಮಾತು ಕೇಳು' ಅಂತಾನ. ಅಂಗಡಿ ನಡೀವಲ್ದು, ಮನ್ಯಾಗ ಅವನ ಮಾತು ಯಾರೂ ಕೇಳಲ್ಲ. ಆ ಎರಡು ವರ್ಷ ಬಿಟ್ರ ಅವನ ಹತ್ರ ಏನದ ಹೇಳ್ರಿ?"

ಆಪರೇಷನ್ ಆದ ಮೇಲಿನ ಎರಡು ತಿಂಗಳ ಖರ್ಚು ನಾನು ಕೊಡುತ್ತೇನೆ ಎಂದೆ. "ಖೈರಾತ್ ಬ್ಯಾಡ್ರಿ, ಹಳೇ ಸೀರಿ ಇದ್ರ ಕೊಡ್ರಿ" ಎಂದು ನಕ್ಕಳು. ಮೆಟ್ಟಿಲು ಇಳಿಯುವಾಗ ಅಂಚು ಕಾಣದೆ ನನ್ನ ತೋಳು ಹಿಡಿದಳು.

ಪಿಂಚಣಿಯ ಖರ್ಚು ತಗ್ಗಿಸುವ ದಾರಿ ಹುಡುಕುತ್ತಿರುವ ತಜ್ಞರಿಗೆ ಒಂದು ಶುಭ ಸಮಾಚಾರ: ಕಮಲಾಪುರದ ಹೆಣ್ಣುಮಗಳೊಬ್ಬಳು, ಯಾವ ಆಯೋಗವೂ ಶಿಫಾರಸು ಮಾಡದೆ, ತನ್ನ ಪಾಲಿನದನ್ನು ಮೂರು ವರ್ಷ ಮುಂದೂಡಿದ್ದಾಳೆ.

ಆಕೆ ಕಾಯುತ್ತಾಳೆ, ಸರಿ. ಕಣ್ಣಿನ ಪೊರೆಗೆ ಕಾಯಲು ಹೇಳುವವರು ಯಾರು?