ನೀರಿಗೆ ಹೆದರಿದ್ದ ಆ ದಿನಗಳಲ್ಲಿ

ಕ್ರಿಸ್ತನಲ್ಲಿ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಎಪ್ಪತ್ತನಾಲ್ಕನೇ ಇಸವಿಯ ತಪಸ್ಸುಕಾಲದಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಕುರುಗೋಡಿನಲ್ಲಿ ನನಗೆ ನಾಯಿ ಕಚ್ಚಿತು. ನಾಯಿ ಯಾರಿಗೆ ಕಚ್ಚುವುದಿಲ್ಲ, ಇದನ್ನೇನು ಬರೆಯುವುದು ಎಂದು ನೀವು ಕೇಳಬಹುದು. ಆಗ ನನ್ನ ಮಗಳು ಮೋನಿಕಾಗೆ ನಾಲ್ಕು ತಿಂಗಳು. ನನ್ನ ಎದೆಹಾಲು ಬಿಟ್ಟು ಬೇರೆ ಆಹಾರ ಅರಿಯದ ಕೂಸು. ಇಷ್ಟು ತಿಳಿದರೆ ಮುಂದಿನದು ನಿಮಗೆ ಅರ್ಥವಾದೀತು.

ನನ್ನ ಯಜಮಾನರು ಜ್ಞಾನಪ್ರಕಾಶ್ ಅವರು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ನಾವಿದ್ದ ಓಣಿಯಲ್ಲಿ ಕಥೋಲಿಕರದು ನಮ್ಮದೊಂದೇ ಮನೆ. ಪಕ್ಕದಲ್ಲಿ ಗಂಗಮ್ಮಕ್ಕ ಇದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ, ಗಟ್ಟಿ ದನಿಯ, ಮೆತ್ತಗಿನ ಮನಸ್ಸಿನ ಹೆಂಗಸು. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ನನಗೆ ಕಲಿಸಿದವರೇ ಅವರು. ಅವತ್ತು ಹಿತ್ತಲಿನಲ್ಲಿ ಒಟ್ಟಿದ್ದ ಹತ್ತಿಕಟ್ಟಿಗೆ ತರಲು ಹೋದೆ. ಒಲೆ ಆಗಲೇ ಹೊತ್ತಿಸಿದ್ದೆ, ಗಡಿಬಿಡಿಯಲ್ಲಿದ್ದೆ. ಗೋಡೆಯ ಸಂದಿಯಿಂದ ಒಂದು ಕೆಂಪು ನಾಯಿ ಬೊಗಳದೆ, ಗುರ್ ಎನ್ನದೆ ನುಗ್ಗಿ ಬಂದು ನನ್ನ ಎಡಗಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ನಾನು ಕಿರುಚಿದ್ದಕ್ಕೆ ಗಂಗಮ್ಮಕ್ಕ ಓಡಿ ಬಂದರು. ಅಷ್ಟರಲ್ಲಿ ನಾಯಿ ಗೋಡೆ ಹಾರಿ ಹೋಗಿತ್ತು.

"ಯಾರ ಮನಿ ನಾಯವ್ವ ಇದು? ನಮ್ಮ ಓಣ್ಯಾಗ ಇಂಥದ್ದು ನಾ ಕಂಡಿಲ್ಲ," ಎಂದರು ಗಂಗಮ್ಮಕ್ಕ. ಸಾಬೂನು ಹಚ್ಚಿ ಗಾಯವನ್ನು ಮತ್ತೆ ಮತ್ತೆ ತೊಳೆದರು.

ಯಜಮಾನರು ಶಾಲೆಗೆ ರಜೆ ಹೇಳಿ, ನನ್ನನ್ನೂ ಕೂಸನ್ನೂ ಬಸ್ಸು ಹತ್ತಿಸಿ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆತಂದರು. ಅಲ್ಲಿದ್ದ ಡಾಕ್ಟರು ಗಾಯ ನೋಡಿ, "ಹದಿನಾಲ್ಕು ಇಂಜೆಕ್ಷನ್ ರೀ. ದಿನಕ್ಕೊಂದು, ಹೊಕ್ಕಳ ಸುತ್ತ. ಒಂದೂ ತಪ್ಪಿಸಬಾರದು. ಆ ನಾಯಿ ಮ್ಯಾಲ ಒಂದ್ ಕಣ್ಣಿಡ್ರಿ. ಹತ್ತು ದಿನ ಅದು ಬದುಕಿತ್ತು ಅಂದ್ರ ನಿಮಗೇನೂ ಭಯ ಇಲ್ಲ," ಎಂದರು.

"ನಾಯಿ ಓಡಿ ಹೋಗೇತ್ರಿ. ಯಾರದಂತ ಗೊತ್ತಿಲ್ಲ," ಎಂದರು ನಮ್ಮವರು.

ಡಾಕ್ಟರು ತಲೆಯಾಡಿಸಿ ಚೀಟಿ ಬರೆದರು.

ನನ್ನ ಭಯದ ಬೇರು ಎಲ್ಲಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ನನಗೆ ಒಂಬತ್ತು ವರ್ಷವಾಗಿದ್ದಾಗ ನಾವು ಸಿರುಗುಪ್ಪದಲ್ಲಿದ್ದೆವು. ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ನನ್ನ ಚಿಕ್ಕಪ್ಪ ಇನ್ನಾಸಪ್ಪನಿಗೆ ಗದ್ದೆಯ ಬದುವಿನ ಮೇಲೆ ನಾಯಿ ಕಚ್ಚಿತ್ತು. ಯಾರೋ ಸೊಪ್ಪಿನ ರಸ ಕೊಟ್ಟರು, ಗಾಯ ಮಾಯಿತು, ಎಲ್ಲರೂ ಮರೆತರು. ಎರಡು ತಿಂಗಳ ಮೇಲೆ ಒಂದು ದಿನ ಚಿಕ್ಕಪ್ಪ ನೀರಿನ ತಂಬಿಗೆ ಬಾಯಿಗಿಟ್ಟುಕೊಂಡವರು ಹಾಗೇ ಎಸೆದುಬಿಟ್ಟರು. ಹುಚ್ಚುನಾಯಿಯ ವಿಷ ಏರಿದವರಿಗೆ ನೀರು ಕಂಡರೆ ಭಯ. ಅವರು ಸಾಯುವವರೆಗಿನ ಮೂರು ದಿನ ನಾನು ಕಿಟಕಿಯ ಸರಳು ಹಿಡಿದು ನೋಡಿದ್ದನ್ನು ಬರೆಯಲಾರೆ. ಮನೆಯ ಕೊಡಗಳನ್ನೆಲ್ಲ ಅವರ ಕಣ್ಣಿಗೆ ಬೀಳದಂತೆ ಹಿತ್ತಲಿಗೆ ಸಾಗಿಸಿದ್ದರು. ನನ್ನನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ್ದ ಮನುಷ್ಯ ಅವರು.

ದಿನವೂ ಕುರುಗೋಡಿನಿಂದ ಓಡಾಡಲು ಆಗದೆಂದು ನಾನು ಬಳ್ಳಾರಿಯ ಕೌಲ್ ಬಜಾರಿನ ತವರುಮನೆಯಲ್ಲಿ ಉಳಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ತೆರೇಸಮ್ಮ ಸಿರುಗುಪ್ಪ ಬಿಟ್ಟು ಬಂದು ಅಲ್ಲೇ ಹೊಲಿಗೆ ಮಾಡಿಕೊಂಡು ಒಬ್ಬಳೇ ಇದ್ದಳು. ಬೆಳಿಗ್ಗೆ ಎಂಟಕ್ಕೆ ಕೂಸನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ನಾವಿಬ್ಬರೂ ಜಟಕಾ ಹತ್ತಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಉದ್ದನೆಯ ಸೂಜಿ. ಚುಚ್ಚಿದ ಕಡೆ ಗೆಣಸಿನ ಹಾಗೆ ಬಾತುಕೊಂಡು, ಜಟಕಾ ಕುಲುಕಿದಾಗಲೆಲ್ಲ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಆ ನೋವನ್ನು ತಡೆದುಕೊಂಡೆ. ತಡೆಯಲಾಗದ್ದು ಬೇರೆ ಇತ್ತು.

ಕೂಸಿಗೆ ಹಾಲು ಕೊಡಬಹುದೇ ಎಂದು ಮೊದಲ ದಿನವೇ ಕೇಳಿದ್ದೆ. "ಕೊಡ್ರಿ ತಾಯಿ, ಏನೂ ಆಗಂಗಿಲ್ಲ," ಎಂದಿದ್ದರು ಡಾಕ್ಟರು. ಆದರೆ ಮೋನಿಕಾಳನ್ನು ತೊಡೆಯ ಮೇಲೆ ಹಾಕಿಕೊಂಡರೆ ಸಿರುಗುಪ್ಪದ ಕಿಟಕಿ ಕಣ್ಣ ಮುಂದೆ ಬರುತ್ತಿತ್ತು. ನನ್ನ ಮೈಯೊಳಗಿನ ವಿಷ ಅವಳೊಳಗೆ ಇಳಿದರೆ? ನನ್ನ ಕೈಗಳು ತಾವಾಗಿ ಅವಳನ್ನು ದೂರ ತಳ್ಳುತ್ತಿದ್ದವು. ಅವ್ವ ಹಸುವಿನ ಹಾಲಿಗೆ ನೀರು ಬೆರೆಸಿ ಚಮಚದಲ್ಲಿ ಹನಿ ಹನಿಯಾಗಿ ಹಾಕುತ್ತಿದ್ದಳು. ಕೂಸು ಅರ್ಧ ಉಗುಳಿ ನನ್ನ ಕಡೆ ತಿರುಗಿ ಅಳುತ್ತಿತ್ತು. ಅದು ಅತ್ತಾಗ ನನ್ನ ಸೆರಗು ಹಾಲಿನಿಂದ ತೊಯ್ಯುತ್ತಿತ್ತು. ಹಡೆದ ತಾಯಂದಿರಿಗೆ ಆ ಸಂಕಟ ಗೊತ್ತಿರುತ್ತದೆ.

ಮಂಗಳವಾರ ಸಂಜೆ ನೀರು ಕುಡಿಯುವಾಗ ಒಂದು ಗುಟುಕು ಅಡ್ಡ ಸಿಕ್ಕಿ ಕೆಮ್ಮು ಬಂತು. ಎಲ್ಲರಿಗೂ ಆಗುವಂಥದೇ. ಆದರೆ ನಾನು ಲೋಟ ಕೆಳಗಿಟ್ಟವಳು ಮತ್ತೆ ಮುಟ್ಟಲಿಲ್ಲ. ಬುಧವಾರ ಲೋಟ ಬಾಯಿಯ ಹತ್ತಿರ ಬಂದರೆ ಗಂಟಲು ಬಿಗಿಯತೊಡಗಿತು. ಬಂತು, ನನಗೂ ಬಂತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅವ್ವ ನೀರು ತಂದರೆ "ಆಮೇಲೆ ಕುಡಿತೀನಿ" ಎಂದು ಅವಳು ಆಚೆ ಹೋದ ಮೇಲೆ ಚೆಲ್ಲಿಬಿಡುತ್ತಿದ್ದೆ. ಗಟ್ಟಿ ಗಂಜಿಯನ್ನು ಚಮಚದಲ್ಲಿ ತಿನ್ನುತ್ತಿದ್ದೆ. ತುಟಿ ಒಡೆದವು, ನಾಲಿಗೆ ದಪ್ಪವಾಯಿತು. ಜಪಸರ ಕೈಯಲ್ಲಿ ಹಿಡಿದರೆ ಮಣಿಗಳು ಜಾರುತ್ತಿದ್ದವು, ಮಂತ್ರ ಬಾಯಿಗೆ ಬರುತ್ತಿರಲಿಲ್ಲ. ನಾನು ಸತ್ತರೆ ಕೂಸನ್ನು ಯಾರು ಸಾಕಬೇಕು ಎಂದು ಕೂತು ಲೆಕ್ಕ ಹಾಕುತ್ತಿದ್ದೆ. ಯಜಮಾನರಿಗೆ ಇನ್ನೊಂದು ಮದುವೆ ಮಾಡಿಸಬೇಕೆಂದೂ, ಆ ಹುಡುಗಿ ಹೇಗಿರಬೇಕೆಂದೂ ಯೋಚಿಸಿದ್ದೆ. ದೇವರು ಎಲ್ಲೂ ಇರಲಿಲ್ಲ. ಇದನ್ನು ಮುಚ್ಚಿಟ್ಟು ಬರೆದರೆ ನನ್ನ ಸಾಕ್ಷಿ ಸುಳ್ಳಾಗುತ್ತದೆ.

ಶುಕ್ರವಾರ ಸಂಜೆ ದೇವಾಲಯದಲ್ಲಿ ಶಿಲುಬೆಯ ಹಾದಿಯ ಪ್ರಾರ್ಥನೆ. "ನಡಿ, ಕುಂದ್ರಾಕ ಜಾಗ ಐತಿ, ನಿಲ್ಲಬ್ಯಾಡ," ಎಂದು ಅವ್ವ ಕೂಸನ್ನು ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ತೀರ್ಥದ ಬಟ್ಟಲಿತ್ತು. ಅವ್ವ ಬೆರಳದ್ದಿ ತನಗೂ ಕೂಸಿಗೂ ಶಿಲುಬೆಯ ಗುರುತು ಹಾಕಿ ನನ್ನ ಕಡೆ ನೋಡಿದಳು. ನನ್ನ ಕೈ ಮೇಲೇಳಲಿಲ್ಲ. ಬಟ್ಟಲಿನ ನೀರು ಅಲುಗುತ್ತಿದ್ದುದನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವ್ವ ನನ್ನ ಒಡೆದ ತುಟಿ ನೋಡಿದಳು. ಬಟ್ಟಲು ನೋಡಿದಳು. ಅವಳೂ ಸಿರುಗುಪ್ಪದ ಆ ಮನೆಯಲ್ಲಿದ್ದವಳು.

"ಎಷ್ಟ್ ದಿನಾತು?" ಎಂದು ಕೇಳಿದಳು.

"ಮೂರು."

ಅವಳು ಬೈಯಲಿಲ್ಲ, ಅಳಲಿಲ್ಲ. ನನ್ನ ತೋಳು ಹಿಡಿದು ನೇರ ಫಾದರ್ ಹತ್ತಿರ ಕರೆದುಕೊಂಡು ಹೋದಳು. ವಯಸ್ಸಾದ ಗುರುಗಳು, ಪ್ರಾರ್ಥನೆಗೆ ಸಿದ್ಧರಾಗುತ್ತಿದ್ದರು. ನಾನು ಎಲ್ಲವನ್ನೂ ಹೇಳಿ, "ಫಾದರ್, ನನಗ ವಿಶ್ವಾಸ ಇಲ್ಲ ಅನ್ಸತೈತಿ. ಇದ್ದಿದ್ರ ಇಷ್ಟು ಹೆದರ್ತಿದ್ದಿಲ್ಲ," ಎಂದೆ.

"ಹೆದರೋದು ಪಾಪ ಅಲ್ಲಮ್ಮ," ಎಂದರು ಅವರು. "ಸಿಪಾಯಿಗಳು ಹಿಡಿಯಾಕ ಬರೋದಕ್ಕಿಂತ ಮೊದಲು ತೋಟದಾಗ ಯೇಸುಸ್ವಾಮಿನೂ ಹೆದರಿದ್ರು. ಆವಾಗ ಅವರೇನು ಕೇಳಿದ್ರು ಶಿಷ್ಯರಿಗೆ? ನನ್ನ ಜೊತಿಗೆ ಎಚ್ಚರ ಇರ್ರಿ ಅಂದ್ರು, ಅಷ್ಟ. ನೀನೂ ಧೈರ್ಯ ಕೇಳಬ್ಯಾಡ ಇವತ್ತು. ಜೊತಿ ಕೇಳು."

ಹಿಂದಿನ ಸಾಲಿನಲ್ಲಿ ಕೂತೆ. ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳು ಗೋಡೆಯ ಮೇಲಿದ್ದವು; ಜನ ಒಂದು ಸ್ಥಳದಿಂದ ಇನ್ನೊಂದು ಸ್ಥಳಕ್ಕೆ ಸರಿದು ಮಂಡಿಯೂರಿ ಏಳುತ್ತಿದ್ದರು. ಹೊಟ್ಟೆನೋವಿನಿಂದ ನನಗೆ ಮಂಡಿಯೂರಲು ಆಗುತ್ತಿರಲಿಲ್ಲ. ಹನ್ನೆರಡನೆಯ ಸ್ಥಳ ಬಂತು. ಶಿಲುಬೆಯ ಮೇಲೆ ಸ್ವಾಮಿಗೆ ಬಾಯಾರಿಕೆಯಾದದ್ದನ್ನು ಫಾದರ್ ಓದಿದರು. ಚಿಕ್ಕಂದಿನಿಂದ ಪ್ರತಿ ವರ್ಷ ಕೇಳಿದ್ದ ಮಾತು. ಅವತ್ತು ಅದು ಒಣಗಿದ ನನ್ನ ನಾಲಿಗೆಯ ಮೇಲೇ ಬಿದ್ದಂತಾಯಿತು. ಇವರಿಗೂ ನೀರು ಬೇಕಿತ್ತು, ಸಿಗಲಿಲ್ಲ. ಕೆಳಗೆ ಇವರ ತಾಯಿ ನಿಂತಿದ್ದಳು, ಮಗನ ಬಾಯಿಗೆ ಒಂದು ಹನಿ ಹಾಕಲು ಅವಳಿಗೂ ಆಗಲಿಲ್ಲ. ನಾನು ಹಾಲು ತುಂಬಿದ ಎದೆ ಹೊತ್ತು, ಮಗಳಿಗೆ ಕೊಡಲಾಗದೆ ಕೂತಿದ್ದೆ. 'ಅವ್ವಾ ಮರಿಯಮ್ಮ, ನಿನಗ ಗೊತ್ತೈತಿ,' ಎಂದೆ. 'ನನ್ನ ಹತ್ರ ಕೂಡು. ಅಷ್ಟ ಸಾಕು.'

ಬೆಳಕೇನೂ ಕಾಣಲಿಲ್ಲ, ದನಿಯೇನೂ ಕೇಳಲಿಲ್ಲ. ಆದರೆ ನಾಲ್ಕು ದಿನಗಳಿಂದ ಬಿಗಿಹಿಡಿದಿದ್ದ ಹೆಗಲುಗಳು ಇಳಿದವು. ಅಳು ಬಂತು. ಯಾರೋ ಬಲಗಡೆ ಸರಿದು ಕೂತ ಹಾಗಾಯಿತು. ತಿರುಗಿ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ, ಅವ್ವ ಎಡಗಡೆಗಿದ್ದಳು. ಇದನ್ನು ನಾನು ಕೂಡಿಸಿ ಹೇಳುತ್ತಿಲ್ಲ, ಕಡಿಮೆ ಮಾಡಿಯೂ ಹೇಳುತ್ತಿಲ್ಲ.

"ಅವ್ವಾ, ನೀರು," ಎಂದೆ.

ದೇವಾಲಯದ ಹಿಂದೆ ಬೇವಿನ ಮರದ ಬುಡದಲ್ಲಿ ಮಣ್ಣಿನ ಗಡಿಗೆ ಇಟ್ಟಿರುತ್ತಿದ್ದರು. ಅವ್ವ ಲೋಟ ತುಂಬಿದಳು. ನಾನು ಲೋಟ ಹಿಡಿದೇ ನಿಂತದ್ದನ್ನು ಕಂಡು, "ತಡಿ, ನೀ ಒಂದ್ ಗುಟುಕು, ನಾ ಒಂದ್ ಗುಟುಕು," ಎಂದಳು. ನಾನು ಬೇಡವೆಂದೆ. ನನ್ನ ಎಂಜಲು ಅವಳಿಗೆ ತಾಗಬಾರದು ಎಂಬುದೇ ನನ್ನ ಗಾಬರಿ. "ನಿನಗ ನಾ ಹಾಲು ಕುಡಿಸೀನಿ, ನಿನ್ನ ಎಂಜಲಿಗೆ ನಾ ಹೇಸಲೇನು?" ಎಂದು ಗದರಿಸಿದಳು. ನಾನು ಒಂದು ಗುಟುಕು ನುಂಗಿದೆ. ಗಂಟಲು ಬಿಗಿಯಿತು, ಆಮೇಲೆ ಸಡಿಲಾಯಿತು, ನೀರು ಇಳಿಯಿತು. ಅವ್ವ ಲೋಟ ಇಸಿದುಕೊಂಡು ಅದೇ ಅಂಚಿಗೆ ಬಾಯಿಟ್ಟು ಕುಡಿದಳು. ಹೀಗೆ ಒಬ್ಬರಾದ ಮೇಲೆ ಒಬ್ಬರು ಇಡೀ ಲೋಟ ಮುಗಿಸಿದೆವು. ಮತ್ತೆ ಎರಡು ಲೋಟ ನಾನೊಬ್ಬಳೇ ಕುಡಿದೆ. ಆ ಬೇವಿನ ಬುಡದಲ್ಲೇ ಕೂತು, ಸೆರಗು ಮರೆಮಾಡಿ, ಮೋನಿಕಾಳನ್ನು ಎದೆಗೆ ಹಾಕಿಕೊಂಡೆ. ಅವಳು ಒಂದು ಸಲ ಬಿಕ್ಕಿ, ಆಮೇಲೆ ಕಣ್ಣು ಮುಚ್ಚಿ ಹೀರತೊಡಗಿದಳು. ಅವಳ ಪುಟ್ಟ ಕೈ ನನ್ನ ರವಿಕೆಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಇಂಜೆಕ್ಷನ್ ನಿಲ್ಲಲಿಲ್ಲ. ನೋವೂ ಹೋಗಲಿಲ್ಲ. ಮುಂದಿನ ದಿನಗಳಲ್ಲೂ ಭಯ ಆಗಾಗ ಬಂದು ಬಾಗಿಲು ತಟ್ಟುತ್ತಿತ್ತು. ಆದರೆ ನಾನು ಒಬ್ಬಳೇ ಇರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಸಿರುಗುಪ್ಪದ ಕಡೆಯ ಹುಲಿಗೆಮ್ಮ ಎಂಬ ಕೂಲಿ ಹೆಂಗಸು ನನ್ನ ಹಿಂದೆ ನಿಲ್ಲುತ್ತಿದ್ದಳು, ಅವಳಿಗೂ ನಾಯಿ ಕಚ್ಚಿತ್ತು. ಅವಳು ನಡುಗುವಾಗ ನಾನು ಅವಳ ಕೈ ಹಿಡಿದುಕೊಳ್ಳುವಷ್ಟು ಗಟ್ಟಿಯಾಗಿದ್ದೆ.

ಮುಂದಿನ ಗುರುವಾರ, ಹನ್ನೊಂದನೇ ಇಂಜೆಕ್ಷನ್ ಮುಗಿಸಿ ಮನೆಗೆ ಬಂದರೆ, ಜಗಲಿಯ ಮೇಲೆ ಯಜಮಾನರೂ ಗಂಗಮ್ಮಕ್ಕನೂ ಕೂತಿದ್ದರು. ಗಂಗಮ್ಮಕ್ಕ ಬಳ್ಳಾರಿಗೆ ಬಂದವರೇ ಅಲ್ಲ. ಕೆಟ್ಟ ಸುದ್ದಿಯೇ ಎಂದುಕೊಂಡೆ.

"ನಾಯಿ ಸಿಕ್ತವ್ವಾ!" ಎಂದು ಅವರು ಓಣಿಗೆಲ್ಲ ಕೇಳುವಂತೆ ಕೂಗಿದರು. "ಬಾದನಹಟ್ಟಿ ದಾರ್ಯಾಗ, ಒಂದ್ ಪಾಳುಗೋಡಿ ಹಿಂದ. ಗಟ್ಟಿಮುಟ್ಟಾಗಿ ಐತಿ. ಐದು ಮರಿ ಹಾಕೇತಿ ನೋಡು! ಕಣ್ಣು ಈಗ ಬಿಡಾಕ ಹತ್ಯಾವ."

ನಾನು ಜಗಲಿಯ ಅಂಚಿಗೆ ಕೂತೆ. ಯಜಮಾನರು ಉಳಿದದ್ದನ್ನು ಹೇಳಿದರು. ನಾನು ಬಳ್ಳಾರಿಗೆ ಬಂದ ದಿನದಿಂದ ಗಂಗಮ್ಮಕ್ಕ ಹಗಲೆಲ್ಲ ಊರಿನ ಹಿತ್ತಲು, ಕಾಳು ತುಂಬುವ ಹಗೇವು, ಬಣವೆ ಬಿಡದೆ ಹುಡುಕಿದ್ದರಂತೆ. ಆ ನಾಯಿ ನಮ್ಮ ಹಿತ್ತಲಿನ ಸಂದಿಯಲ್ಲಿ ಮರಿ ಹಾಕಿತ್ತು. ನಾನು ಅವುಗಳ ಹತ್ತಿರ ಹೋಗಿದ್ದಕ್ಕೆ ಕಚ್ಚಿ, ಆಮೇಲೆ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಕಡೆ ಸಾಗಿಸಿತ್ತು. ಅವತ್ತು ಬೆಳಿಗ್ಗೆ ಅದು ರೊಟ್ಟಿಯ ಚೂರಿಗೆ ಓಣಿಗೆ ಬಂದಾಗ ಗುರುತು ಹಿಡಿದು ಇವರು ಹಿಂದೆಯೇ ನಡೆದು ಹೋಗಿದ್ದರು.

"ನೀ ನಿಮ್ಮ ಮರಿಯಮ್ಮಗ ಕೇಳಿಕೊಂಡಿ, ನಾ ನಮ್ಮ ಬಸವಣ್ಣಗ ಕೇಳಿಕೊಂಡೆ," ಎಂದು ಗಂಗಮ್ಮಕ್ಕ ಕಣ್ಣೊರೆಸಿಕೊಂಡರು. ಅವ್ವ ಅವರನ್ನು ಅಪ್ಪಿಕೊಂಡಳು.

ಮರುದಿನ ಡಾಕ್ಟರು ಎಲ್ಲ ಕೇಳಿ, "ಸಾಕ್ರಿ, ಇನ್ನು ಬ್ಯಾಡ, ಮನಿಗೆ ಹೋಗ್ರಿ," ಎಂದರು. ಹುಲಿಗೆಮ್ಮ ಇನ್ನೂ ಸಾಲಿನಲ್ಲಿದ್ದಳು. ಅವಳ ನಾಯಿ ಸಿಕ್ಕಿರಲಿಲ್ಲ. ಅವಳ ಇಂಜೆಕ್ಷನ್ ಮುಗಿಯುವವರೆಗೂ ನಾನು ತವರಲ್ಲೇ ಉಳಿದು ದಿನವೂ ಅವಳ ಜೊತೆ ನಿಂತೆ. ಮುಂದಿನ ವರ್ಷ ಅವಳು ಸಿರುಗುಪ್ಪದಿಂದ ಒಂದು ಚೀಲ ಹೊಸ ಅಕ್ಕಿ ಹೊತ್ತು ಅವ್ವನ ಮನೆ ಹುಡುಕಿಕೊಂಡು ಬಂದಳು.

ನಾಯಿ ಸಿಕ್ಕಿದ್ದೇ ಪವಾಡ ಎಂದು ಎಷ್ಟೋ ಜನ ನನಗೆ ಹೇಳಿದ್ದಾರೆ. ಅದಕ್ಕೂ ದೇವರಿಗೆ ಸ್ತೋತ್ರ. ಆದರೆ ನಾಯಿ ಸಿಕ್ಕಿದ್ದು ಗುರುವಾರ. ನನ್ನ ಪ್ರಾರ್ಥನೆಗೆ ಉತ್ತರ ಬಂದದ್ದು ಅದಕ್ಕೆ ಆರು ದಿನ ಮೊದಲು, ಬದುಕುತ್ತೇನೋ ಸಾಯುತ್ತೇನೋ ಇನ್ನೂ ಗೊತ್ತಿಲ್ಲದಾಗ. ಇಷ್ಟನ್ನು ಭಯದಲ್ಲಿರುವ ಯಾರಿಗಾದರೂ ಹೇಳಬೇಕೆಂದೇ ಇದನ್ನು ಬರೆದೆ.

ಈ ವರ್ಷ ಮೋನಿಕಾ ಮೊದಲ ಪರಮಪ್ರಸಾದ ಸ್ವೀಕರಿಸಿದಳು. ಅವ್ವ ಅದನ್ನು ನೋಡಲು ಉಳಿಯಲಿಲ್ಲ, ಎರಡು ವರ್ಷದ ಹಿಂದೆ ಪ್ರಭುವಿನಲ್ಲಿ ನಿದ್ರಿಸಿದಳು. ಪರಮಪ್ರಸಾದದ ದಿನ ಬೆಳಿಗ್ಗೆ ಬಿಳಿ ಲಂಗದ ದಾರ ಕಟ್ಟಿಸಿಕೊಳ್ಳುತ್ತ ಮಗಳು ಕೇಳಿದಳು, "ಅವ್ವಾ, ಎಲ್ಲರ ಮುಂದ ಹೋಗಾಕ ನನಗ ಹೆದರಿಕಿ ಬರತೈತಿ. ಹೆದರಿದ್ರ ದೇವರಿಗೆ ಸಿಟ್ಟು ಬರತೈತೇನು?"

"ಸಿಟ್ಟು ಬರಂಗಿಲ್ಲ, ನನ್ನವ್ವ," ಎಂದೆ. "ಅವನೇ ಬಂದು ಹತ್ರ ಕೂಡ್ತಾನ."