ಸಪೂರದ್ದೇ ಸಾಕಂತೆ

ನನ್ನ ಪುಳ್ಳಿ ಧನ್ಯಾಳಿಗೆ ಕೆಲಸ ಸಿಕ್ಕಿತು! ಕಂಪ್ಯೂಟರ್ ಆಟ ತಯಾರಿಸುವ ಕಂಪೆನಿ, ಅದೂ ಮಂಗಳೂರಿನಲ್ಲೇ. ಬೆಳಿಗ್ಗೆ ಫೋನ್ ಬಂದದ್ದೇ ತಡ, ಸಿದ್ಧಕಟ್ಟೆ ಪೇಟೆಯಲ್ಲಿ ಗುರುತಿದ್ದವರಿಗೂ ಇಲ್ಲದವರಿಗೂ ಹೇಳಿ ಬಂದೆ. ಮೀನಿನವನಿಗೆ ಎರಡು ಸಲ ಹೇಳಿದೆ. ಹೇಳದೆ ಬಿಟ್ಟದ್ದು ಒಂದೇ — ಈ ಹುಡುಗಿಯ ದಾರಿಗೆ ಅಡ್ಡ ಬಂದದ್ದು ಯಾರು ಎಂಬುದು. ನಾನು. ಅವಳ ಅಜ್ಜಿ. ಒಂದು ಗಾಜಿನ ಜ್ಯೂಸ್ ಸೆಟ್ಟಿಗಾಗಿ.

ನಮ್ಮಲ್ಲಿ ತಂಗಿಯ ಮಕ್ಕಳ ಓದಿಗೆ ಬೇಕಾದ್ದನ್ನು ತರುವುದು ಮಾಮನ ಕೆಲಸ. ಧನ್ಯಾ ಮಿಜಾರಿನ ಕಾಲೇಜಿಗೆ ಸೇರಿದಾಗ, ಮಸ್ಕತ್ತಿನಲ್ಲಿರುವ ನನ್ನ ಮಗ ಹರೀಶ ಊರಿಗೆ ಬರುವವನಿದ್ದ. ಲ್ಯಾಪ್‌ಟಾಪ್ ತರುತ್ತೇನೆ, ಯಾವುದು ಬೇಕು ಹೇಳಲಿ ಎಂದ. ನಾನು ಬೀಡಿ ಕಟ್ಟುತ್ತಿದ್ದಾಗ ಇವಳು ಪಕ್ಕದಲ್ಲಿ ಕೂತು ಫೋನಿನಲ್ಲಿ ಎರಡು ಚಿತ್ರ ತೋರಿಸಿದಳು.

“ಅಜ್ಜಿ, ಇದು ಸಪೂರ, ಚಂದ. ಇದು ದಪ್ಪ, ಎಮ್ಮೆಯ ಹಾಗೆ. ನನಗೆ ಎಮ್ಮೆಯೇ ಬೇಕು.”

“ಚಂದದ್ದನ್ನು ಬಿಟ್ಟು ಎಮ್ಮೆಯಾ? ನಿನಗೆ ಮರುಳಾ?”

“ಒಳಗಿನ ಸಾಮಾನು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದ್ರೆ ಸಪೂರದ್ದರಲ್ಲಿ ಗಾಳಿ ಓಡಾಡ್ಲಿಕ್ಕೆ ಜಾಗ ಇಲ್ಲ. ಫ್ಯಾನು ಸಣ್ಣದು. ಬಿಸಿ ಏರಿದ್ರೆ ತನ್ನಷ್ಟಕ್ಕೇ ವೇಗ ಕಡಿಮೆ ಮಾಡಿಕೊಳ್ತದೆ. ನಾಳೆ ಮೆಮೊರಿ ಹೆಚ್ಚು ಮಾಡುವ ಅಂದ್ರೆ ಅದೂ ಆಗುವುದಿಲ್ಲ, ಬೆಸುಗೆ ಹಾಕಿಟ್ಟಿರ್ತಾರೆ. ದಪ್ಪದ್ದಕ್ಕೆ ಭಾರ ಒಂದು. ಬಸ್ಸಿನಲ್ಲಿ ನಿಂತು ಹೋಗುವಾಗ ಹೆಗಲು ನೋಯ್ತದೆ. ನೋಯಲಿ.”

ನನಗೆ ಅರ್ಥವಾಗಲಿಲ್ಲ ಎಂದು ಈಗ ಹೇಳಿದರೆ ಅದು ಇನ್ನೊಂದು ಸುಳ್ಳು. ಎಲೆಯನ್ನು ಸಪೂರ ಸುತ್ತಿ ಹೊಗೆಸೊಪ್ಪು ಒತ್ತಿ ತುಂಬಿದರೆ ಬೀಡಿ ಗಾಳಿ ಎಳೆಯುವುದಿಲ್ಲ. ಅಂಥದ್ದನ್ನು ಕಂತ್ರಾಟುದಾರ ಕಣ್ಣೆದುರೇ ಮುರಿದು ಎಸೆದದ್ದನ್ನು ಎಷ್ಟು ಸಲ ನೋಡಿಲ್ಲ ನಾನು. ಅರ್ಥವಾಗಿತ್ತು. ಚೆನ್ನಾಗಿಯೇ ಅರ್ಥವಾಗಿತ್ತು —

ಆದರೆ ಬೆಳ್ತಂಗಡಿಯಲ್ಲಿ ನನ್ನ ಅಕ್ಕನ ಮನೆಯಲ್ಲಿ ಮದುವೆ ಇತ್ತು. ಹಿಂದೊಮ್ಮೆ ನಾನು ಕೊಟ್ಟ ಸ್ಟೀಲ್ ಪಾತ್ರೆಯನ್ನು ಅಕ್ಕ ನೆಂಟರ ನಡುವೆ ಎತ್ತಿ ತಿರುಗಿಸಿ ನೋಡಿ, “ಮಗ ಮಸ್ಕತ್ತಿನಲ್ಲಿ ಇದ್ದಾನಂತೆ, ಪಾತ್ರೆ ಸಿದ್ಧಕಟ್ಟೆಯದ್ದಲ್ವನಾ ಮಾರಾಯ್ತಿ?” ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಈ ಸಲ ಅವಳ ಬಾಯಿ ಮುಚ್ಚಿಸಬೇಕು ಎಂದು ಚಿನ್ನದ ಅಂಚಿನ ಗಾಜಿನ ಸೆಟ್ಟು ತರಲು ಹರೀಶನಿಗೆ ಹೇಳಿದ್ದೆ. ಹೊರಡುವ ಮುಂಚೆ ಅವನು ಫೋನ್ ಮಾಡಿದ.

“ಅಮ್ಮ, ಗಾಜನ್ನು ಲಗೇಜಿಗೆ ಹಾಕಿದ್ರೆ ಪುಡಿಪುಡಿ. ಕೈಯಲ್ಲೇ ತರಬೇಕು. ಲ್ಯಾಪ್‌ಟಾಪೂ ಕೈಯಲ್ಲೇ. ವಿಮಾನದಲ್ಲಿ ಕೈಯಲ್ಲಿ ತರ್ಲಿಕ್ಕೆ ಬಿಡುವುದು ಏಳೇ ಕಿಲೋ. ಧನ್ಯಾ ಹೇಳಿದ ದಪ್ಪದ್ದರ ಚಾರ್ಜರೇ ಇಟ್ಟಿಗೆಯ ಹಾಗೆ ಉಂಟು. ಎರಡೂ ಆಗ್ಲಿಕ್ಕಿಲ್ಲ. ಸೆಟ್ಟು ಬಿಡುವುದಾ?”

ಬಾಯಿ ತಡವರಿಸಲೂ ಇಲ್ಲ.

“ಸೆಟ್ಟು ತಾ. ಅವಳು ಆಮೇಲೆ ಹೇಳಿದ್ಲು — ಸಪೂರದ್ದೇ ಸಾಕಂತೆ.”

ಇವಳಿಗೆ ಹೇಳಿದ್ದು ಬೇರೆ. “ಮಾಮನಿಗೆ ದಪ್ಪದ್ದು ಅಲ್ಲಿ ಸಿಗಲಿಲ್ಲವಂತೆ. ನೀನು ಕೇಳ್ಲಿಕ್ಕೆ ಹೋಗ್ಬೇಡ, ಪಾಪ, ಬೇಜಾರು ಮಾಡ್ತಾನೆ.” ಅವನ ಬಾಯಿಗೆ ಒಂದು ಸುಳ್ಳು, ಇವಳ ಬಾಯಿಗೆ ಒಂದು. ಎರಡೂ ಬೆರಕೆಯಾಗದ ಹಾಗೆ ಎಚ್ಚರಿಕೆ ಬೇರೆ. ಎಂಥ ಜಾಣೆ!

ಬಂತು ಆ ಸಪೂರದ್ದು. ತೂಗಲಿಕ್ಕೆ ಹಗುರ, ನೋಡಲಿಕ್ಕೆ ಮದುಮಗಳು. ದಪ್ಪದ್ದಕ್ಕಿಂತ ಹೆಚ್ಚು ದುಡ್ಡು ಬೇರೆ — ಒಳಗೆ ಜಾಗ ಕಡಿಮೆ ಮಾಡಿದ್ದಕ್ಕೂ ಜನ ದುಡ್ಡು ಕೊಡುತ್ತಾರಲ್ಲ! ಇವಳು ಆಟ ತಯಾರಿಸುವ ಕೆಲಸ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಅಕ್ಷರದ ಗುಂಡಿಗಳ ಮೇಲೆ ಬೆರಳಿಟ್ಟರೆ ಚುರ್ ಎನ್ನುತ್ತಿತ್ತು. ವಯರು ಕಿತ್ತರೆ ಬ್ಯಾಟರಿ ಒಂದು ಗಂಟೆ ನಿಂತರೆ ದೊಡ್ಡದು. ಹುಡುಗಿ ಅಡಿಗೆ ಎರಡು ತುಂಡು ಮರದ ರೀಪು ಇಟ್ಟು, ಪಕ್ಕಕ್ಕೆ ಟೇಬಲ್ ಫ್ಯಾನು ತಿರುಗಿಸಿ, ತಾನು ಬೆವರುತ್ತಾ ಅದಕ್ಕೆ ಗಾಳಿ ಹಾಕಿದಳು. ಅದರ ಚಂದವನ್ನು ಇಟ್ಟುಕೊಂಡು ಏನು ಮಾಡುವುದು? ಅಂಥ ಯಂತ್ರವನ್ನು ಮಾಡಿದವರನ್ನು ಬೈಯುತ್ತಿದ್ದೆ ನಾನು, ಇವಳಿಗೆ ಕೇಳುವ ಹಾಗೆ. ನನ್ನನ್ನು ಬೈಯುವವರು ಯಾರೂ ಇರಲಿಲ್ಲವಲ್ಲ.

ಕಾಲೇಜಿನ ಪ್ರದರ್ಶನದಲ್ಲಿ ಇವಳು ಮಾಡಿದ ಆಟವನ್ನು ನೋಡಲು ಹೊರಗಿನ ಕಂಪೆನಿಯವರು ಬಂದಿದ್ದರು. ಮಧ್ಯಾಹ್ನದ ಸೆಕೆ, ಶಾಮಿಯಾನದ ಕೆಳಗೆ. ಅವರು ಇವಳ ಮೇಜಿಗೆ ಬರುವಷ್ಟರಲ್ಲಿ ಆ ಯಂತ್ರ ಕಾದು, ಆಟ ಕುಂಟಿ ಕುಂಟಿ ನಿಂತೇಹೋಯಿತಂತೆ. ಒಳ್ಳೆಯದಾಗಲಿ ಎಂದು ಹೇಳಿ ಮುಂದಿನ ಮೇಜಿಗೆ ಹೋದರಂತೆ. ಮನೆಗೆ ಬಂದವಳು ಅಳಲಿಲ್ಲ. “ಮಾಮನಿಗೆ ನಾನು ಅಷ್ಟು ಹೇಳಿದ್ದೆ” ಎಂದಳು — ಅಷ್ಟೇ. ನಾನು ಚಾ ಮಾಡಲಿಕ್ಕೆ ಎದ್ದೆ.

ಆಮೇಲೆ ಅವಳು ಮಾಮನ ಫೋನಿಗೆ ಬರುವುದು ಕಡಿಮೆಯಾಯಿತು. ಬಂದರೂ, ಹೇಗುಂಟು ಲ್ಯಾಪ್‌ಟಾಪು ಎಂದರೆ, “ಉಂಟು, ಬಿಸಿ ಆಗ್ತದೆ” ಎಂದು ಮುಗಿಸುತ್ತಿದ್ದಳು. ಅವನು ನನ್ನ ಹತ್ತಿರ, “ಅವಳೇ ಬೇಕು ಅಂದದ್ದಲ್ವಾ? ತಂದವನಿಗೆ ಈ ಮುಖವಾ?” ಎಂದ. ಚಿಕ್ಕವಳಿದ್ದಾಗ ಅವನ ಬೆನ್ನಿನಿಂದ ಇಳಿಯದ ಮಗು ಅದು. ನಾನು ನಡುವೆ ಕೂತು ಇಬ್ಬರಿಗೂ ಸಮಾಧಾನ ಹೇಳುತ್ತಿದ್ದೆ, ದೊಡ್ಡ ಮನುಷ್ಯಳ ಹಾಗೆ... ಥೂ.

ಈಗ ಹರೀಶ ರಜೆಯಲ್ಲಿ ಬಂದಿದ್ದಾನೆ. ಇಬ್ಬರೂ ಒಂದೇ ಮನೆಯಲ್ಲಿ ನೆಂಟರ ಹಾಗೆ ತಿರುಗುತ್ತಾರೆ. ಈ ಸಂತೋಷದ ದಿನವೂ ಹಾಗೆಯೇ. ಸುದ್ದಿ ಕೇಳಿ ಅಕ್ಕನೂ ಬೆಳ್ತಂಗಡಿಯಿಂದ ಬಂದಳು. ಸಂಜೆ ಗರಿಗರಿ ಒಣ ರೊಟ್ಟಿ, ಕೋಳಿ ಸಾರು. ಎಲ್ಲರೂ ಬಟ್ಟಲಿನ ಮುಂದೆ ಕೂತಾಗ ಅಕ್ಕನೇ ಶುರು ಮಾಡಿದಳು.

“ಎಲ್ಲ ಮಾಮ ತಂದ ಲ್ಯಾಪ್‌ಟಾಪಿನಿಂದ ಆದದ್ದು, ಗೊತ್ತುಂಟಾ ಧನ್ಯಾ?”

“ನನ್ನದೇನುಂಟು ದೊಡ್ಡಮ್ಮ,” ಎಂದ ಹರೀಶ, ತಲೆ ಎತ್ತದೆ. “ಆರಿಸಿದ್ದು ಅವಳು. ಅವಳಿಗೇ ಹಿಡಿಸಲಿಲ್ಲ.”

“ನಾನಾ?” ಧನ್ಯಾಳ ಕೈ ನಿಂತಿತು. “ನಾನು ಯಾವಾಗ ಆರಿಸಿದ್ದು ಮಾಮ?”

ಸಾರು ತಣಿಯುತ್ತದೆ, ಮೊದಲು ಉಣ್ಣಿ — ಈ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಇಷ್ಟು ವರ್ಷ ಅದೇ ನಾಲಿಗೆ ತಾನೇ.

“ಆರಿಸಿದ್ದು ನಾನು,” ಎಂದೆ. “ನಿನ್ನ ಹೆಸರು ಹೇಳಿ ಅವನಿಗೆ ಸುಳ್ಳು ಹೇಳಿದೆ. ಅವನ ಹೆಸರು ಹೇಳಿ ನಿನಗೆ. ಅಕ್ಕನಿಗೆ ಗಾಜಿನ ಸೆಟ್ಟು ಬರಬೇಕಿತ್ತು, ಅದಕ್ಕೆ.”

ಬಡಿಸುತ್ತಿದ್ದ ನನ್ನ ಮಗಳು ಸುಜಾತ, ಧನ್ಯಾಳ ಅಮ್ಮ, ಸೌಟನ್ನು ಪಾತ್ರೆಗೆ ಇಳಿಸಿದಳು.

“ಯಾವ ಸೆಟ್ಟು?” ಎಂದಳು ಅಕ್ಕ. ಬಾಯಲ್ಲಿದ್ದ ತುತ್ತು ನುಂಗಿದಳು. “ಓ, ಅದಾ! ಅದನ್ನು ನಾನು ಆ ವರ್ಷವೇ ಯಾರದ್ದೋ ಗೃಹಪ್ರವೇಶಕ್ಕೆ ಕೊಟ್ಟೆ ಮಾರಾಯ್ತಿ.”

ಅಷ್ಟು ಬೆಲೆ ಅದಕ್ಕೆ. ಅಷ್ಟೇ ಬೆಲೆ ನನ್ನ ಮರ್ಯಾದೆಗೂ.

ಧನ್ಯಾ ನನ್ನನ್ನು ನೋಡಲಿಲ್ಲ. ಬಟ್ಟಲು ಎತ್ತಿಕೊಂಡು ಹೋಗಿ ಮಾಮನ ಬಗಲಿಗೆ ಕೂತಳು.

“ಮಾಮ, ಮನಸ್ಸಿನಲ್ಲಿ ನಿಮಗೆ ಎಷ್ಟು ಬೈದಿದ್ದೇನೆ ಗೊತ್ತುಂಟಾ?”

“ನಾನು ಬಾಯಿಬಿಟ್ಟೇ ಬೈದಿದ್ದೇನೆ. ಅಲ್ಲಿ ರೂಮಿನವರಿಗೆ ತುಳು ಬರುವುದಿಲ್ಲವಲ್ಲ.”

ಅವಳು ನಕ್ಕದ್ದು ಅಂಗಳಕ್ಕೂ ಕೇಳಿರಬೇಕು. ಅವನು ರೊಟ್ಟಿ ಮುರಿದು ಅವಳ ಬಟ್ಟಲಿಗೆ ಹಾಕಿದ. ಸುಜಾತ ಮೇಲಿಂದ ಸಾರು ಸುರಿದಳು. ಆ ಕಂಪ್ಯೂಟರ್ ಆಟದಲ್ಲಿ ಏನುಂಟು, ಹೇಗೆ ಗೆಲ್ಲುವುದು ಎಂದು ಅವನು ಕೇಳಿದ, ಇವಳು ಎಡಗೈ ಆಡಿಸಿ ಆಡಿಸಿ ಹೇಳಿದಳು. ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಕೇಳುತ್ತಾ ಕೂತೆ. ಇದನ್ನೇ ಇಷ್ಟು ವರ್ಷ ಇಬ್ಬರಿಂದಲೂ ಕಸಿದಿಟ್ಟಿದ್ದೆನಲ್ಲ...

ಕ್ಷಮಿಸು ಎಂದು ನಾನು ಕೇಳಲಿಲ್ಲ. ನಿನಗೆ ಸಾಕಾ, ಬೇಕಾ ಎಂದು ಯಾರೂ ನನ್ನನ್ನು ಕೇಳಲೂ ಇಲ್ಲ. ನನ್ನ ರೊಟ್ಟಿಯನ್ನು ನಾನೇ ಮುರಿದು, ಸಾರು ನಾನೇ ಹಾಕಿಕೊಂಡು, ಅವರ ಜೊತೆ ಕೂತು ಉಂಡೆ.